ಬೆರಳಿಗೆ ಸಿಕ್ಕಿಸಿದ ನಿಂಬೆಹಣ್ಣು

ಷೇರು ದಲ್ಲಾಳಿ ತ್ರಿಕಮದಾಸನ ಬಲಗೈ ತೋರುಬೆರಳಿಗೆ ಉಗುರುಸುತ್ತು ಆದದ್ದೇ ಎಲ್ಲ ಅನರ್ಥಕ್ಕೂ ಮೂಲ. ಬೆಳಿಗ್ಗೆ ಹೆಂಡತಿ ಜಡಾವ್ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸುತ್ತಿದ್ದರೆ, ಇವನು ಹಲ್ಲು ಕಚ್ಚಿಕೊಂಡೇ ಆ ದಿನ ಗಿರಾಕಿಗಳಿಗೆ ಹೇಳಬೇಕಾದ್ದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದ: "ಹತ್ತಿ ಒತ್ತಿ ಮೂಟೆ ಕಟ್ಟೋ ಕಂಪನಿ ಷೇರು ಸ್ವಾಮಿ, ಬಂಗಾರ! ಇವತ್ತು ಬಿಟ್ರೆ ಜನ್ಮದಲ್ಲಿ ಸಿಗಲ್ಲ!"

ನಿಜ ಬೇರೆಯೇ ಇತ್ತು. ಆ ಕಂಪನಿ ನಾಳೆ ಬಾಗಿಲು ಹಾಕುತ್ತದೆಂದು ಬಂದರಿನ ಗುಮಾಸ್ತನೊಬ್ಬ ಅವನ ಕಿವಿಯಲ್ಲಿ ಉಸುರಿದ್ದ. ಅಷ್ಟರಲ್ಲಾಗಲೇ ತ್ರಿಕಮದಾಸ ಹೆಂಡತಿಗೂ ಹೇಳದೆ ತನ್ನ ಉಳಿತಾಯವನ್ನೆಲ್ಲ ಅದರ ನಾಲ್ಕು ಷೇರಿಗೆ ಸುರಿದಿದ್ದ. ಸಂಜೆಯೊಳಗೆ ಅವನ್ನು ಯಾರ ತಲೆಗಾದರೂ ಕಟ್ಟದಿದ್ದರೆ ಸಂಸಾರ ಬೀದಿಪಾಲು.

ಬೊಂಬಾಯಿಯ ಷೇರುಪೇಟೆಗೆ ಆಗಿನ್ನೂ ಕಟ್ಟಡವಿರಲಿಲ್ಲ. ಟೌನ್ ಹಾಲ್ ಎದುರಿನ ಆಲದ ಮರವೇ ಪೇಟೆ. ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ರುಮಾಲಿನಡಿ ಕೈ ತೂರಿಸಿ ಎದುರಿನವನ ಬೆರಳು ಹಿಡಿಯಬೇಕು, ಒಂದು ಬೆರಳೆಂದರೆ ಷೇರಿಗೆ ನೂರು ರೂಪಾಯಿ. ಒಪ್ಪಿ ಮಾತು ತಪ್ಪಿದ ದಲ್ಲಾಳಿಗೆ ಮತ್ತೆ ಆ ನೆರಳಿಲ್ಲ.

"ಏನ್ ತ್ರಿಕಮಭಾಯ್, ಉಪ್ಪಿನಕಾಯಿ ವ್ಯಾಪಾರಕ್ಕೆ ಇಳಿದ್ರಾ?" ಎಂದ ಒಬ್ಬ.

"ನಿಂಬೆ ತೆಗೆದು ಬಿಸಿ ಎಣ್ಣೆ ಹಾಕ್ರೀ," ಎಂದ ಇನ್ನೊಬ್ಬ. ಮೂರನೆಯವನು ಕೇಳದೆಯೇ ಹಣ್ಣನ್ನು ಹಿಚುಕಿ ನೋಡಿದ. ರಸ ಗಾಯಕ್ಕಿಳಿದು ತ್ರಿಕಮದಾಸ ಮರದ ಸುತ್ತ ಕುಣಿದ.

"ಷೇರು ಕೇಳ್ರೋ ಅಂದ್ರೆ ಬೆರಳು ಕೇಳ್ತೀರಲ್ರೋ! ಬೇರೆ ಕಸುಬಿಲ್ವಾ ನಿಮಗೆ?"

ಹೊತ್ತು ಇಳಿಯುವಾಗ ಪಾರ್ಸಿ ದಲ್ಲಾಳಿ ಎದಲ್ಜಿ ಬಂದ. "ಹತ್ತಿ ಕಂಪನೀದು ಇದ್ಯಾ? ಎಷ್ಟಿದ್ರೂ ಕೊಡಿ."

ತ್ರಿಕಮದಾಸನಿಗೆ ಹೋದ ಜೀವ ಬಂದಂತಾಯಿತು. ಕೊಂಡ ಬೆಲೆ ಇನ್ನೂರು ಬಂದರೆ ಸಾಕೆಂದು ರುಮಾಲಿನಡಿ ಎರಡು ಬೆರಳು ಹಿಡಿಯಹೋದ. ಹಾಳು ನಿಂಬೆ ಅಡ್ಡ ಬಂದು ಎದಲ್ಜಿಯ ಇಡೀ ಕೈಯೇ ಮುಷ್ಟಿಗೆ ಸಿಕ್ಕಿತು. ಐದು ಬೆರಳು, ಐನೂರು! ಬೈಗುಳ ಬೀಳುತ್ತದೆಂದು ಅವನು ಕಣ್ಣು ಮುಚ್ಚಿದ.

"ಒಪ್ಪಿದೆ," ಎಂದ ಎದಲ್ಜಿ, ಅಲ್ಲೇ ಹಣ ಕೊಟ್ಟು ಷೇರು ಒಯ್ದ.

ತ್ರಿಕಮದಾಸ ನಿಂಬೆಹಣ್ಣಿಗೆ ಮುತ್ತಿಟ್ಟ. ಪರಿಚಯದವರಿಗೆಲ್ಲ ಜಲೇಬಿ ಹಂಚಿ, ಒಂದು ಪೊಟ್ಟಣ ಹಿಡಿದು ಕತ್ತಲಾಗುವ ಹೊತ್ತಿಗೆ ಮನೆ ಸೇರಿದ.

ಬಾಗಿಲಲ್ಲಿ ನಿಂತಿದ್ದ ಜಡಾವ್‌ಳ ಕೈ ಬೋಳಾಗಿತ್ತು, ಮುಖ ಅರಳಿತ್ತು.

"ಬಳೆ ಎಲ್ಲೇ?"

"ಅಡ ಇಟ್ಟೆ. ಅಮ್ಮ ಕೊಟ್ಟ ಸರಾನೂ ಇಟ್ಟೆ. ಬಂಗಾರದಂಥ ಷೇರನ್ನ ಊರೋರಿಗೆಲ್ಲ ಮಾರ್ತೀರಿ, ಮನೆಗೆ ಒಂದಾದ್ರೂ ತಂದಿದ್ದೀರಾ? ಅದಕ್ಕೇ ಎದಲ್ಜಿಭಾಯ್‌ಗೆ ಆ ದುಡ್ಡು ಕೊಟ್ಟು ಹೇಳಿಕಳಿಸ್ದೆ, ಬೆಲೆ ಎಷ್ಟಾದ್ರೂ ಆಗ್ಲಿ ಅಂತ. ಪಾಪ, ತಮ್ಮ ದಲಾಲಿ ಹಿಡ್ಕೊಂಡು ನಾಲ್ಕು ತಂದ್ಕೊಟ್ಟು ಹೋದ್ರು. ನೋಡಿ!"

ಬೆಳಿಗ್ಗೆ ತಾನೇ ಮಡಚಿಟ್ಟಿದ್ದ ಅವೇ ಕಾಗದಗಳು. ತ್ರಿಕಮದಾಸ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತೇಬಿಟ್ಟ.

"ಅಯ್ಯೋ, ಇನ್ನೂ ಉರೀತಿದ್ಯಾ?" ಎಂದು ಜಡಾವ್ ಇನ್ನೊಂದು ನಿಂಬೆಹಣ್ಣು ತರಲು ಒಳಗೆ ಓಡಿದಳು.