ಎರಡು ಪೋಸ್ಟುಗಳ ನಡುವಿನ ಬಯಲು

ಬೆಳಗ್ಗೆ ಯಜಮಾನರು ಫೋನನ್ನು ಮೂಗಿಗೆ ತಾಗುವ ಹಾಗೆ ಹಿಡಿದುಕೊಂಡೇ ಆಫೀಸಿಗೆ ಬಂದರು. ಬಂದವರು ತಮ್ಮ ಕೋಣೆಗೆ ಹೋಗಲಿಲ್ಲ. ನೇರ ಗುಬ್ಬಿಯ ಮೇಜಿನ ಹತ್ತಿರ ನಿಂತು ಫೋನನ್ನು ಅವನ ಮುಖಕ್ಕೆ ಹಿಡಿದರು.

"ಏನ್ರೀ ಇದು? ಎರಡು ಪೋಸ್ಟು, ಆಮೇಲೆ ಬಯಲು. ಇನ್ನೊಂದು ಪೋಸ್ಟು, ಮತ್ತೆ ಬಯಲು. ನಾನು ಆ್ಯಪ್ ನಡೆಸ್ತಿದೀನೋ, ಆಟದ ಮೈದಾನ ನಡೆಸ್ತಿದೀನೋ?"

ಊರಿನವರು ತಮ್ಮ ಸುಖದುಃಖ, ಕಳೆದುಹೋದ ಬೀಗದ ಕೈ, ಮಾರಾಟಕ್ಕಿಟ್ಟ ಸೈಕಲ್ಲು ಎಲ್ಲವನ್ನೂ ತಂದು ಸುರಿಯುವ ಪುಟ್ಟ ಆ್ಯಪ್ ಅದು. ಪರದೆಯ ಮೇಲೆ ಅದೆಲ್ಲ ಅಂದವಾಗಿ ಕಾಣುವಂತೆ ಜೋಡಿಸುವುದು ಗುಬ್ಬಿಯ ಕೆಲಸ. ಯಾರಾದರೂ ಗದರಿದರೆ ಕುರ್ಚಿಯಲ್ಲೇ ಮುದುಡಿ ಚಿಕ್ಕವನಾಗಿಬಿಡುತ್ತಾನಾದ್ದರಿಂದ ಆಫೀಸಿನವರು ಇಟ್ಟ ಹೆಸರು ಅದು. ಈಗಲೂ ಮುದುಡಿದ.

"ಸಂಜೆಯೊಳಗೆ ಈ ಬಿಳಿ ಜಾಗ ಕಾಣಬಾರದು. ಕಾಣ್ಲಿಲ್ವೋ, ನಿಮ್ಮ ಕೆಲಸ ಕಾಯಂ. ಕಂಡಿತೋ, ನಿಮ್ಮ ದಾರಿ ನಿಮಗೆ."

ಗುಬ್ಬಿಗೆ ತನ್ನ ದಾರಿ ಚೆನ್ನಾಗಿ ಗೊತ್ತಿತ್ತು. ಅದು ನೆಟ್ಟಗೆ ಮಾವನ ಹಾಸಿಗೆ ಅಂಗಡಿಗೆ ಹೋಗುತ್ತಿತ್ತು. ಮಾವ ಕೆಟ್ಟವರಲ್ಲ, ದೇವರಂಥ ಮನುಷ್ಯ. ತೊಂದರೆ ಇದ್ದದ್ದೇ ಅಲ್ಲಿ. ಮದುವೆಯಾದಂದಿನಿಂದ "ಆ ಕೆಲಸ ಹೋದ್ರೆ ಹೋಗ್ಲಿ ಬಿಡಿ ಅಳಿಯಂದಿರೇ, ನನ್ನ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸ್ತೀನಿ" ಎನ್ನುತ್ತಲೇ ಇದ್ದರು. ದಿನವಿಡೀ ಮಾವನ ಪಕ್ಕ ಕೂತು, ಗಿರಾಕಿ ಬಂದಾಗಲೆಲ್ಲ ಹಾಸಿಗೆಯ ಮೇಲೆ ಮಲಗಿ ಎದ್ದು ತೋರಿಸುವ ಬಾಳನ್ನು ನೆನೆದರೇ ಗುಬ್ಬಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ಅವನು ತೋಳೇರಿಸಿ ಕೂತ. ಪೋಸ್ಟುಗಳ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದ.

"ಇನ್ನೂ ಇದೆ!" ಎಂದು ಯಜಮಾನರು ಒಳಗಿನಿಂದ ಕೂಗಿದರು.

ಕಾಲು ಭಾಗಕ್ಕೆ ಇಳಿಸಿದ. "ಇನ್ನೂ ಇದೇರೀ!"

ಅಷ್ಟರಲ್ಲಿ ಜಾಹೀರಾತಿನ ಮೇಡಂ ಬೆನ್ನ ಹಿಂದೆ ಬಂದು ನಿಂತಿದ್ದರು. ತಮಗೆ ಸಂಬಂಧವಿಲ್ಲದ ಕೆಲಸ ಎಲ್ಲಿ ನಡೆದರೂ ಅವರಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. "ಒತ್ತಪ್ಪ, ಇನ್ನೂ ಒತ್ತು. ಬಸ್ಸಲ್ಲಿ ಜನ ನಿಲ್ಲಲ್ವಾ? ಹಾಗೆ ನಿಲ್ಲಿಸು" ಎಂದರು.

ಪಕ್ಕದ ಮೇಜಿನ ಟೆಸ್ಟರ್, ಯಾರು ಏನೇ ಮಾಡಿದರೂ ಅದರಲ್ಲಿ ತಪ್ಪು ಹುಡುಕುವುದೇ ಅವನ ಉದ್ಯೋಗ, ತಲೆ ಎತ್ತದೆ "ಬೇಡ ಮಾರಾಯ, ಕೆಡುತ್ತೆ" ಎಂದ. ಅವನು ಎಲ್ಲದಕ್ಕೂ ಹಾಗೇ ಹೇಳುತ್ತಿದ್ದುದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಡುವೆ ಮಾವನ ಫೋನು. ಸುದ್ದಿ ಮಗಳಿಂದ ಅವರಿಗೂ ಮುಟ್ಟಿತ್ತು. "ಧೈರ್ಯವಾಗಿರಿ ಅಳಿಯಂದಿರೇ. ನಿಮ್ಮ ಕೆಲಸಕ್ಕೋಸ್ಕರ ನಾನೂ ಇಲ್ಲಿ ದಿನಾ ಕೈಲಾದಷ್ಟು ಮಾಡ್ತಾನೇ ಇದೀನಿ."

ದೇವರಲ್ಲಿ ಬೇಡಿಕೊಳ್ಳುತ್ತಿರಬೇಕು, ಪಾಪ ಎಂದುಕೊಂಡು ಗುಬ್ಬಿ ಫೋನಿಟ್ಟ. ಇಟ್ಟವನೇ ಕಣ್ಣು ಮುಚ್ಚಿ ಅಂತರವನ್ನು ಸೊನ್ನೆ ಮಾಡಿಬಿಟ್ಟ.

ಊಟ ಮುಗಿಯುವ ಹೊತ್ತಿಗೆ ಊರ ಕ್ಲಬ್ಬಿನ ಅಧ್ಯಕ್ಷರು ಫೋನಿನಲ್ಲಿ ಕಿರುಚುತ್ತಿದ್ದರು. ಯಾರೋ "ನಮ್ಮ ನಾಯಿ ಕಳೆದಿದೆ. ವಯಸ್ಸಾಗಿದೆ. ಕರೆದರೆ ಬರುತ್ತದೆ, ಕಚ್ಚುವುದಿಲ್ಲ" ಎಂದು ಬರೆದಿದ್ದರು. ಅದರ ಕೆಳಗೆ ಕೂದಲೆಳೆಯಷ್ಟೂ ಜಾಗವಿಲ್ಲದೆ ಅಧ್ಯಕ್ಷರ ಫೋಟೋ ಟೈ ಕಟ್ಟಿಕೊಂಡು ನಗುತ್ತಿತ್ತು.

"ಬೇಕರಿ ಹತ್ರ ಕಂಡೆ, ಹಿಡಿಯೋಕೆ ಹೋದೆ, ಬೈತು ಅಂತ ಕಾಮೆಂಟ್ ಹಾಕಿದಾರಲ್ರೀ!" ಎಂದು ಅಧ್ಯಕ್ಷರು ಅಳುವುದೊಂದು ಬಾಕಿ.

ಅದು ತಣ್ಣಗಾಗುವ ಮೊದಲೇ ಮೇಡಂ ಎದೆ ಬಡಿದುಕೊಂಡು ಓಡಿಬಂದರು. "ಹಳೇ ಸೋಫಾ, ಒಂದು ಕಾಲು ಅಲ್ಲಾಡುತ್ತೆ, ಯಾರು ಬೇಕಾದರೂ ಹೊತ್ತುಕೊಂಡು ಹೋಗಿ" ಎಂಬ ಬರಹ ಅವರತ್ತೆಯ ಹುಟ್ಟುಹಬ್ಬದ ಫೋಟೋದ ತಲೆಯ ಮೇಲೆ ಕೂತಿತ್ತು.

"ಒಬ್ಬ ಗಾಡಿ ತಗೊಂಡು ಮನೆಗೇ ಬಂದಿದಾನಂತೆ!"

"ಅಯ್ಯೋ! ಅತ್ತೆಗೆ ಬೇಜಾರಾಯ್ತಾ ಮೇಡಂ?"

"ಬೇಜಾರೆಲ್ಲಿ ಬಂತು? ಬಟ್ಟೆಬರೆ ತುಂಬ್ಕೊಂಡು ರೆಡಿಯಾಗಿ ಕೂತಿದಾರಂತೆ!"

ಯಜಮಾನರು ಹೊರಗೆ ಬಂದರು. ಮುಖ ಕೆಂಪಗೆ ಕಾದಿತ್ತು. "ಅದೆಲ್ಲ ಹಾಳಾಗಿಹೋಗ್ಲಿ. ಬಯಲು ಹಾಗೇ ಇದೆಯಲ್ರೀ?"

ಗುಬ್ಬಿ ಇಣುಕಿದ. ಹೌದು. ಸುಮ್ಮನೆ ತಮ್ಮ ಪಾಡಿಗೆ ಇದ್ದ ಪೋಸ್ಟುಗಳು ಒಂದರ ಮೇಲೊಂದು ಬಿದ್ದಿದ್ದವು, ಬಿಳಿ ಬಯಲು ಮಾತ್ರ ಮೊದಲಿನಂತೆಯೇ ಕಾಲು ಚಾಚಿ ಮಲಗಿತ್ತು. ಮುಗೀತು ಕತೆ ಎಂದುಕೊಂಡ. ಅವನ ಕಣ್ಣ ಮುಂದೆ ಮಾವನ ಪಕ್ಕದ ಕುರ್ಚಿ ಬಂದು ನಿಂತಿತು.

ಟೆಸ್ಟರ್ ಮೊದಲ ಸಲ ಎದ್ದುಬಂದು ಆ ಬಿಳಿ ಜಾಗದ ಮೇಲೆ ಹೆಬ್ಬೆಟ್ಟು ಒತ್ತಿದ. ಅದು ತೆರೆದುಕೊಂಡಿತು! ಜಾಗವಲ್ಲ, ಅದೂ ಒಂದು ಪೋಸ್ಟು. ಅಕ್ಷರವಿಲ್ಲ, ಚಿತ್ರವಿಲ್ಲ, ಬರಿ ಬಿಳಿ. ಹಾಕಿದವರ ಹೆಸರು ಈಗ ಕಂಡಿತು: ಸುಖನಿದ್ರೆ ಹಾಸಿಗೆ ಅಂಗಡಿ.

ಗುಬ್ಬಿಯ ಮಾವನ ಅಂಗಡಿ! ಅವನು ಎಲ್ಲರ ಎದುರಿಗೇ ಸ್ಪೀಕರ್ ಹಾಕಿ ಮಾವನಿಗೆ ಫೋನು ಹಚ್ಚಬೇಕಾಯಿತು.

"ಹೌದಪ್ಪ, ನಾನೇ," ಎಂದರು ಮಾವ, ಖುಷಿಯಿಂದ. "ಗಿರಾಕಿ ಇಲ್ದಿದ್ದಾಗೆಲ್ಲ ಪೋಸ್ಟ್ ಮಾಡೋ ಆ ನೀಲಿ ಗುಂಡಿ ಒತ್ತುತ್ತಾ ಇರ್ತೀನಿ. ಒತ್ತಿದಷ್ಟೂ ನಿಮ್ಮ ಆಫೀಸಿಗೆ ಒಳ್ಳೇದು, ನಿಮ್ಮ ಕೆಲಸ ಉಳಿಯುತ್ತೆ ಅಂತ."

"ಏನಾದ್ರೂ ಬರೆದು ಒತ್ತಬಾರದಿತ್ತಾ ಮಾವ?"

"ಬರೆಯೋಕೆ ನನ್ನ ಹತ್ರ ಏನಿದೆ ಹೇಳಿ? ಸುಮ್ಮನೆ ಒತ್ತಿದೆ."

ಗುಬ್ಬಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಈ ಮನುಷ್ಯ ತನ್ನ ಕೆಲಸ ಹೋಗಲಿ ಎಂದು ಕಾಯುತ್ತಿದ್ದಾರೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ.

ಯಜಮಾನರು ಮಾತ್ರ ತಮ್ಮ ಫೋನಿನಲ್ಲಿ ಓದುತ್ತಿದ್ದರು. ಆ ಖಾಲಿ ಪೋಸ್ಟಿನ ಕೆಳಗೆ ಕಾಮೆಂಟುಗಳ ಸಾಲೋ ಸಾಲು. "ಏನೂ ಹೇಳದೆ ಎಲ್ಲ ಹೇಳಿದಿರಿ." "ಸದ್ಯ, ಊರಲ್ಲಿ ಸುಮ್ಮನಿರೋರು ಒಬ್ಬರಾದ್ರೂ ಇದಾರೆ." "ಇದನ್ನ ಕಂಡಾಗೆಲ್ಲ ಕಣ್ಣಿಗೆ ತಂಪು." ಇಡೀ ಆ್ಯಪಿನಲ್ಲಿ ಇಷ್ಟು ಮೆಚ್ಚುಗೆ ಇನ್ನಾವ ಪೋಸ್ಟಿಗೂ ಬಿದ್ದಿರಲಿಲ್ಲ. ಊರೆಲ್ಲ ಒತ್ತಿ ನೋಡಿತ್ತು, ಒತ್ತದೆ ಉಳಿದವರು ಆಫೀಸಿನವರು ಮಾತ್ರ.

"ಗುಬ್ಬಿ," ಎಂದರು ಯಜಮಾನರು, ಮೆತ್ತಗೆ. "ಮೊದಲು ಅಧ್ಯಕ್ಷರನ್ನ ನಾಯಿಯಿಂದ ದೂರ ಮಾಡಿ, ಎಲ್ಲ ಇದ್ದ ಹಾಗೆ ಇಡಿ. ನಿಮ್ಮ ಕೆಲಸ ಕಾಯಂ."

ಗುಬ್ಬಿ ಕುರ್ಚಿಯಲ್ಲಿ ಮೊದಲ ಸಲ ನೆಟ್ಟಗೆ ಕೂತ. ಮೇಡಂ ಚಪ್ಪಾಳೆ ತಟ್ಟಿದರು. ಟೆಸ್ಟರ್ ಕೂಡ ತಪ್ಪು ಹುಡುಕಲಿಲ್ಲ.

"ಆದ್ರೆ ಖಾಲಿ ಜಾಗ ಎಲ್ಲಿ ಬಿಡ್ಬೇಕು ಅನ್ನೋದು ನಮಗ್ಯಾರಿಗೂ ಗೊತ್ತಿಲ್ಲ," ಎಂದು ಯಜಮಾನರು ಗುಬ್ಬಿಯ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು. "ಹಿರಿಯರೇ, ನಾಳೆಯಿಂದ ಈ ವಿಭಾಗಕ್ಕೆ ನೀವೇ ಮುಖ್ಯಸ್ಥರು. ನಿಮ್ಮ ಅಳಿಯಂದಿರು ನಿಮ್ಮ ಕೈಕೆಳಗೆ ಇರ್ತಾರೆ."

ಆ ಕಡೆಯಿಂದ ಮಾವನ ದನಿ ಬಂತು, ಸಂತೋಷಕ್ಕೆ ನಡುಗುತ್ತಾ.

"ಆಗ್ಲಿ ಸ್ವಾಮಿ. ಆದ್ರೆ ನಾನು ಅಂಗಡಿ ಬಿಟ್ಟು ಬರೋ ಹಾಗಿಲ್ಲ. ಅಳಿಯಂದಿರೇ, ಬೆಳಗ್ಗೆ ನೀವೇ ಇಲ್ಲಿಗೆ ಬಂದುಬಿಡಿ. ಕುರ್ಚಿ ಆಗ್ಲೇ ಹಾಕ್ಸಿಟ್ಟಿದೀನಿ."