ಕಿರುಬೆರಳನ್ನು ಮರೆತ ಬೀಗಕ್ಕೆ

ನಮ್ಮ ಮುಂಬಾಗಿಲಿನಲ್ಲಿ ವಿರಾಜಮಾನರಾಗಿ, ಬೆರಳು ನೋಡಿಯೇ ಮನುಷ್ಯರ ಯೋಗ್ಯತೆ ಅಳೆಯುವ ಶ್ರೀಮಾನ್ ಬೆರಳಚ್ಚು ಬೀಗದವರ ಸನ್ನಿಧಿಗೆ,

ಮಾನ್ಯರೇ,

ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಳಿತು, ತೊಡೆಯ ಮೇಲೆ ಕೋರ್ಟಿನ ಆದೇಶವನ್ನೂ ಅದರ ಮೇಲೆ ಈ ಕಾಗದವನ್ನೂ ಇಟ್ಟುಕೊಂಡು, ತಮಗೆ ಗೌರವಪೂರ್ವಕ ನಮಸ್ಕಾರ ಸಲ್ಲಿಸುತ್ತಿದ್ದೇನೆ. ತಮ್ಮ ದೀಪಗಳೆಲ್ಲ, ಅದರಲ್ಲೂ ಕೆಂಪು ದೀಪ, ಕ್ಷೇಮವೆಂದು ಭಾವಿಸುತ್ತೇನೆ.

ತಮಗೆ ನನ್ನ ಪರಿಚಯ ಮರೆತಿದೆ. ನಾನು ಈ ಮನೆಯ ಯಜಮಾನರ ಹೆಂಡತಿ, ಹದಿನಾಲ್ಕು ವರ್ಷ ಇಲ್ಲೇ ಬಾಳಿದವಳು. ಬೈಂಡಿಂಗ್ ಅಂಗಡಿಯಲ್ಲಿ ಅಂಟು ಸವರಿ, ರಟ್ಟು ಉಜ್ಜಿ ನನ್ನ ಬೆರಳುಗಳ ಗೆರೆಗಳೇ ಸವೆದಿರುವುದರಿಂದ, ತಾವು ಈ ಮನೆಗೆ ಬಂದ ದಿನ ಒಂಬತ್ತು ಬೆರಳುಗಳನ್ನು ಒಂದೊಂದಾಗಿ ತಿರಸ್ಕರಿಸಿ, ಕೊನೆಗೆ ದೊಡ್ಡ ಮನಸ್ಸು ಮಾಡಿ ಎಡಗೈ ಕಿರುಬೆರಳನ್ನು ಒಪ್ಪಿಕೊಂಡಿರಿ. "ನಿನಗೆ ಅಷ್ಟೇ ಸಾಕು ಬಿಡು" ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ಇವತ್ತಿಗೂ ನನ್ನ ಮೇಲೆಯೇ ನನಗೆ ಸಿಟ್ಟಿದೆ.

ಕಳೆದ ವರ್ಷ, ಮನೆಯ ಪತ್ರದಲ್ಲಿ ನನ್ನ ಹೆಸರನ್ನೂ ಸೇರಿಸಬಹುದೇ ಎಂದು ಒಂದೇ ಒಂದು ಸಲ ಕೇಳಿದೆ. ಮರುದಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ತಮ್ಮ ನೆನಪಿನಿಂದ ನನ್ನ ಕಿರುಬೆರಳು ಅಳಿಸಿಹೋಗಿತ್ತು. ತಾವು ಕೆಂಗಣ್ಣು ಬಿಟ್ಟು "ಗುರುತು ಸಿಗಲಿಲ್ಲ" ಎಂದಿರಿ. ಹದಿನಾಲ್ಕು ವರ್ಷದ ಸಂಸಾರವನ್ನು ಎರಡೇ ಮಾತಿನಲ್ಲಿ ಮುಗಿಸಿದ ತಮ್ಮ ಜಾಣ್ಮೆಗೆ ವಕೀಲರೆಲ್ಲ ತಲೆಬಾಗಬೇಕು, ಏಕೆಂದರೆ ಹನ್ನೊಂದು ತಿಂಗಳು ಎಳೆದಾಡಿಯೂ ಅವರಿಂದ ಮುಗಿಸಲಾಗಲಿಲ್ಲ.

ಆ ಹನ್ನೊಂದು ತಿಂಗಳೂ ಯಜಮಾನರ ವಕೀಲರದು ಒಂದೇ ರಾಗ: "ನಮ್ಮ ಕಕ್ಷಿದಾರರು ಅವರನ್ನ ಹೊರಗೆ ಹಾಕೇ ಇಲ್ಲ ಸ್ವಾಮಿ, ಬೀಗಕ್ಕೆ ಅವರ ಗುರುತು ಹತ್ತುತ್ತಿಲ್ಲ, ಅಷ್ಟೆ." ಹೆಂಡತಿಯನ್ನು ಬೀದಿಗೆ ತಳ್ಳಿ, ಆ ಪಾಪವನ್ನು ಅಂಗೈಯಗಲದ ಡಬ್ಬಿಯ ತಲೆಗೆ ಕಟ್ಟಿ, ಕೋರ್ಟಿನಲ್ಲಿ ಕೈಕಟ್ಟಿ ನಿಂತ ಆ ಮಹಾನುಭಾವರಿಗೆ ತಮ್ಮಂಥ ಸೇವಕರು ಸಿಕ್ಕಿದ್ದು ಪೂರ್ವಜನ್ಮದ ಪುಣ್ಯವೇ ಇರಬೇಕು.

ಕಡೆಗೆ ನ್ಯಾಯಾಧೀಶರು, ಪತ್ರ ಯಾರ ಹೆಸರಿನಲ್ಲಿದ್ದರೂ ದಂಪತಿ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎಂದು ಬರೆದುಕೊಟ್ಟರು. ಇವತ್ತು ಮಧ್ಯಾಹ್ನ, ಯಜಮಾನರು ಕಚೇರಿಯಲ್ಲಿರುವ ಹೊತ್ತಿನಲ್ಲಿ, ಆ ಆದೇಶವನ್ನು ತಮ್ಮ ಗಾಜಿಗೆ ಹಿಡಿದೆ, ಮೊಹರನ್ನು ಒತ್ತಿದೆ, ಗಟ್ಟಿಯಾಗಿ ಓದಿಯೂ ಹೇಳಿದೆ. ಜಪ್ಪಯ್ಯ ಎಂದರೂ ತಾವು ಅಲುಗಲಿಲ್ಲ. ಆದಕಾರಣ ತಾವು ಆದಷ್ಟು ಬೇಗ ಕಾನೂನು ಪದವಿ ಪಡೆಯಬೇಕೆಂದೂ, ಅದು ಕಷ್ಟವಾದರೆ ಮುಂದಿನ ಜನ್ಮದಲ್ಲಿ ಯಾರದಾದರೂ ಹೆಂಡತಿಯಾಗಿ ಹುಟ್ಟಿ ಮೂರು ಮಹಡಿ ಹತ್ತಿ ಬಂದು ತಮ್ಮಂಥದೇ ಬೀಗದ ಮುಂದೆ ನಿಲ್ಲಬೇಕೆಂದೂ ವಿನಂತಿಸುತ್ತೇನೆ.

ಒಂದು ಸಣ್ಣ ವಿಷಯ ಬಾಕಿಯಿದೆ. ಆದೇಶದ ಕೊನೆಯ ಪುಟದಲ್ಲಿ ನನ್ನ ತವರಿನಿಂದ ಬಂದ, ನನಗೇ ಸೇರಿದ ವಸ್ತುಗಳ ಪಟ್ಟಿಯಿದೆ. "ಆ ಗುಜರಿನೆಲ್ಲ ಕಟ್ಕೊಂಡು ಹೋಗ್ಲಿ" ಎಂದು ಯಜಮಾನರು ಓದದೆಯೇ ಸಹಿ ಹಾಕಿದ್ದಾರೆ. ಬೀರು, ಹೊಲಿಗೆ ಯಂತ್ರ, ಎರಡು ಕುರ್ಚಿಗಳಾದ ಮೇಲೆ ನಾಲ್ಕನೆಯ ಸಾಲಿನಲ್ಲಿ ಹೀಗಿದೆ: ಮುಂಬಾಗಿಲು, ಒಂದು. ಮದುವೆಯ ವರ್ಷ, ಇಲ್ಲಿದ್ದ ಹಳೆಯ ಬಾಗಿಲು ಕೊಳೆತಿದ್ದುದನ್ನು ನೋಡಲಾರದೆ, ಬಡಗಿಯಾಗಿದ್ದ ನನ್ನಪ್ಪ ಕೈಯಾರೆ ಮಾಡಿ ತಂದು ಕೂರಿಸಿದ ಬಾಗಿಲು ಅದು. ಒಳಗಿನ ಕೋಣೆ ಇಕ್ಕಟ್ಟೆಂದು ಹೊರಕ್ಕೆ ತೆರೆಯುವಂತೆ ಮಾಡಿದರು, ಹಾಗಾಗಿ ಅದರ ಕೀಲುಗಳು ಮೆಟ್ಟಿಲ ಕಡೆಗೇ ಇವೆ. ಅಂದು ಉಪಕರಣಗಳನ್ನು ಎತ್ತಿಕೊಟ್ಟವಳು ನಾನೇ. ಅಪ್ಪನ ಸುತ್ತಿಗೆ, ಸ್ಕ್ರೂಡ್ರೈವರ್ ಈಗ ನನ್ನ ಚೀಲದಲ್ಲಿವೆ.

ಇಂತಿ, ಕಿರುಬೆರಳಿನಷ್ಟಾದರೂ
ತಮ್ಮ ವಿಶ್ವಾಸಿ,
ಬೈಂಡಿಂಗ್ ಕೆಲಸದವಳು

ತಾ.ಕ.: ಇದನ್ನು ಮನೆಯೊಳಗಿನಿಂದ ಬರೆಯುತ್ತಿದ್ದೇನೆ. ಕೀಲಿನ ಸರಳುಗಳು ಸುತ್ತಿಗೆಯ ಮೂರೇ ಏಟಿಗೆ ಕಳಚಿ ಬಂದವು. ತಾವು ಬಾಗಿಲ ಸಮೇತ ಗೋಡೆಗೊರಗಿ, ನಾಲಿಗೆ ಚಾಚಿಕೊಂಡು, ಈಗಲೂ ನಿಷ್ಠೆಯಿಂದ ಬೀಗ ಬಿದ್ದುಕೊಂಡೇ ಇದ್ದೀರಿ. ನನ್ನ ಬಾಗಿಲಿನಲ್ಲಿ ವಾಸಿಸಲು ತಮಗೆ ಯಾವ ಹಕ್ಕೂ ಇಲ್ಲದಿರುವುದರಿಂದ ಮೂವತ್ತು ದಿನಗಳೊಳಗೆ ಜಾಗ ಖಾಲಿ ಮಾಡತಕ್ಕದ್ದು. ಸಂಜೆ ಯಜಮಾನರು ಹೆಬ್ಬೆರಳು ಮುಂದೆ ಮಾಡಿಕೊಂಡು ಬರುತ್ತಾರೆ. ಅದನ್ನು ಎಲ್ಲಿ ಒತ್ತಬೇಕೆಂದು ತಾವೇ ಹೇಳಿಕೊಡಿ. ನಾನು ಪಟ್ಟಿಯ ಮೂರನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡುತ್ತಿರುತ್ತೇನೆ.