ಗೋಡೌನಿನ ಒಪ್ಪಿಗೆ

ಹೊಂಗೆಕೊಪ್ಪಲಿನ ಭತ್ತ ಸಂರಕ್ಷಣಾ ಸಂಘದ ಹೊಸ ಗೋಡೌನು ಸಾರ್ವಜನಿಕ ಹಿತದೃಷ್ಟಿಯಿಂದ ಸದಾ ಖಾಲಿಯಾಗಿಯೇ ಇರತಕ್ಕದ್ದೆಂದು ೧೯೭೪ರ ಸುಗ್ಗಿಯಲ್ಲಿ ತೀರ್ಮಾನವಾಯಿತು.

ಕಾರಣ ಸರಳವಾದದ್ದು. ಉದ್ಘಾಟನೆಯ ದಿನ ಕೆರಗೋಡಿನ ಬಸ್ಸು ಕೆಟ್ಟು ನಿಂತು ಜನ ಬರಲಿಲ್ಲ. ಅಧ್ಯಕ್ಷ ಪುಟ್ಟಸ್ವಾಮಿಯವರು ಧೃತಿಗೆಡದೆ ಖಾಲಿ ಗೋಡೌನಿನಲ್ಲೇ ನಿಂತು, "ನಮ್ಮ ಆಡಳಿತ ಚೆನ್ನಾಗಿದೆ!" ಎಂದರು. "ಚೆನ್ನಾಗಿದೆ... ಚೆನ್ನಾಗಿದೆ..." ಎಂದು ನಾಲ್ಕೂ ಗೋಡೆಗಳು ಅನುಮೋದಿಸಿದವು. ಕಾರ್ಯದರ್ಶಿ ಪಾರ್ಥಸಾರಥಿ ಅದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು, "ಜನಾಭಿಪ್ರಾಯ" ಎಂದು ಚೀಟಿ ಅಂಟಿಸಿ ಮೇಲಕ್ಕೆ ಕಳಿಸಿದರು. ಇಂಥ ಒಗ್ಗಟ್ಟಿನ ಊರು ಮದ್ದೂರಿನಿಂದ ಮಳವಳ್ಳಿಯವರೆಗೆ ಹುಡುಕಿದರೂ ಸಿಕ್ಕದೆಂದು ಮೇಲಿನ ಸಾಹೇಬರು ತಲೆದೂಗಿದರು. ಅಲ್ಲಿಂದ ಜನಾಭಿಪ್ರಾಯ ಸಂಗ್ರಹ ಪ್ರತಿ ಸೋಮವಾರದ ಕೆಲಸವಾಯಿತು.

ಆ ಹೊತ್ತಿಗೆ ಊರಿನ ಯಶೋದಮ್ಮ ಗಾಡಿಯಲ್ಲಿ ಭತ್ತದ ಮೂಟೆ ಹೇರಿಕೊಂಡು ಬಂದಳು. ಮನೆಮಂದಿ ವರ್ಷವಿಡೀ ಉಣ್ಣಬೇಕಾದ ಭತ್ತ ಅದು.

"ಸ್ವಾಮಿ, ಮೋಡ ಕಟ್ಕಂಡದೆ. ಬಿರ್ನೆ ಒಳಕ್ಕಾಕುಸ್ಕಳಿ."

"ಆಗೋಲ್ಲಮ್ಮ," ಎಂದರು ಕಾರ್ಯದರ್ಶಿ. "ನಿನ್ನೆ ಪರೀಕ್ಷೆಗೆ ಅಂತ ಒಂದಷ್ಟು ಮೂಟೆ ಇಟ್ಟು ನೋಡಿದೆವು. ಜನಬೆಂಬಲ ಅರ್ಧಕ್ಕರ್ಧ ಇಳಿದುಹೋಯಿತು."

"ಬತ್ತುಕ್ಕೂ ಬೆಂಬಲಕ್ಕೂ ಏನ್ ಸಂಬಂದ?"

"ಮೂಟೆ ದನಿ ಹೀರುತ್ತೆ. ಜನ ನಿಂತರೂ ಹೀರುತ್ತಾರೆ. ಅದಕ್ಕೇ ಸಭೆಗೆ ನಾವು ಜನರನ್ನೂ ಬಿಡೋದಿಲ್ಲ."

ಬಾಗಿಲ ಮೇಲೆ ಪ್ರಕಟಣೆಯೂ ಇತ್ತು: "ಭತ್ತ, ರಾಗಿ ಹಾಗೂ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅಭಿಪ್ರಾಯ ಹೇಳಲು ಬಂದು ಜನಾಭಿಪ್ರಾಯಕ್ಕೆ ಅಡ್ಡಿಪಡಿಸುವವರ ಮೇಲೆ ಕ್ರಮ ಜರುಗಿಸಲಾಗುವುದು."

ಮಳೆ ಪ್ರಕಟಣೆ ಓದಲಿಲ್ಲ. ಭತ್ತ ಮೂಟೆಯಲ್ಲೇ ಮೊಳಕೆಯೊಡೆಯಿತು. ರೈತರು ಮೂಟೆಯಲ್ಲೇ ಪೈರು ಬೆಳೆಸುವ ನೂತನ ವಿಧಾನ ಕಂಡುಹಿಡಿದಿದ್ದಾರೆಂದು ಅಧ್ಯಕ್ಷರು ಗೋಡೌನಿನಲ್ಲಿ ಅಭಿನಂದನೆ ಸಲ್ಲಿಸಿದರು. ಗೋಡೆಗಳೂ ಸಲ್ಲಿಸಿದವು. ಈ ವರದಿ ಬರೆಯುವವನಿಗೆ ಹೊಟ್ಟೆ ಉರಿಯಬಾರದು, ಆದರೂ ಆ ಭತ್ತ ನೋಡಿ ನನಗೆ ಉರಿಯಿತು.

ಯಶೋದಮ್ಮ ಕಾರ್ಯದರ್ಶಿಯನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು. "ನನ್ ಬತ್ತ ಆಳಾಯ್ತು! ಇದು ಅನ್ಯಾಯ!"

"ಅನ್ಯಾಯ... ಅನ್ಯಾಯ..." ಎಂದವು ಗೋಡೆಗಳು.

ಅವಳು ದಂಗಾಗಿ ನಿಂತಳು. ಸಂಘದವರಿರಲಿ, ಕಟ್ಟಿಕೊಂಡ ಗಂಡ ಹೊನ್ನಯ್ಯ ಕೂಡ ಅವಳ ಮಾತಿಗೆ ಇಷ್ಟು ಬೇಗ ಹೂಂ ಅಂದವನಲ್ಲ. "ನೀನಾದ್ರೂ ಒಪ್ಕಂಡ್ಯಲ್ಲಪ್ಪ," ಎಂದು ಕಣ್ಣೊರೆಸಿಕೊಂಡು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋದಳು.

ಸುದ್ದಿ ಹಬ್ಬಿತು. ಅಹವಾಲುದಾರರು ಒಬ್ಬೊಬ್ಬರಾಗಿ ಒಳಹೋಗಿ ನ್ಯಾಯ ಪಡೆಯಬಹುದೆಂದು ಸಂಘ ನಿರ್ಣಯ ಕೈಗೊಂಡಿತು. ಬೆಳಗ್ಗೆ ರೈತರು, ಸಂಜೆ ಅಧ್ಯಕ್ಷರು. ಇಬ್ಬರ ಟೇಪೂ ಕೇಳಿದ ಸಾಹೇಬರು, ಊರಲ್ಲಿ ಭಿನ್ನಾಭಿಪ್ರಾಯವೇ ಇಲ್ಲವೆಂದು ಷರಾ ಬರೆದರು.

ಮರುವರ್ಷದ ಸುಗ್ಗಿ ಬಂತು. ಮೋಡ ಕಟ್ಟಿತು. ಊರಿನ ರೈತ ನಿಂಗಯ್ಯ ಹೆಗಲ ಮೇಲೆ ಭತ್ತದ ಮೂಟೆ ಹೊತ್ತು ಗೋಡೌನಿನ ಬಾಗಿಲಿಗೆ ಓಡಿಬಂದ. ಕಾರ್ಯದರ್ಶಿ ಬಾಯಿ ತೆರೆಯುವ ಮೊದಲೇ, ಅಹವಾಲಿನ ಸಾಲಿನಲ್ಲಿ ನಿಂತಿದ್ದ ಯಶೋದಮ್ಮ ಅಡ್ಡಬಂದಳು.

"ಆಚೆ ಮಡಗು ನಿಂಗಣ್ಣ! ಅದ್ನ ಒಳಕ್ ತಂದ್ರೆ ನಮ್ ಕಷ್ಟ ಯಾರ್ ಕೇಳಾರು?"

ನಿಂಗಯ್ಯನಿಗೂ ಅದು ಸರಿಯೆನಿಸಿತು. ಮೂಟೆಯನ್ನು ಹೊರಗಿಳಿಸಿ, ಮಳೆಯಲ್ಲೇ ಸಾಲಿನ ಕೊನೆಗೆ ಹೋಗಿ ನಿಂತ.